ಖಾಲಿ ಬಿಟ್ಟ ಷರಾ

ಟೀವಿ ಕೇಂದ್ರದ ಧ್ವನಿ ವಿಭಾಗದಲ್ಲಿ ಮೂವತ್ತು ಚಿಲ್ಲರೆ ವರ್ಷ ದುಡಿದು ನಿವೃತ್ತರಾದ ಈ ಮನುಷ್ಯನನ್ನು ಅಲ್ಲಿ ಯಾರೂ ಹೆಸರು ಹಿಡಿದು ಕರೆದವರಲ್ಲ. ಎದುರಿಗೆ ‘ಸಾಹೇಬ್ರೆ’, ಬೆನ್ನ ಹಿಂದೆ ‘ಷರಾ ಸಾಹೇಬ್ರು’. ಹಾಗೆ ಹೆಸರು ಬೀಳಲು ಕಾರಣವಿತ್ತು. ಯಾವ ರೆಕಾರ್ಡಿಂಗ್ ಮುಗಿದರೂ ಒಂದು ಹಾಳೆ ತುಂಬಬೇಕು. ಕಾರ್ಯಕ್ರಮ ಯಾವುದು, ಯಾರು ಹಾಡಿದರು, ಟೇಪಿನ ನಂಬರೇನು, ಎಷ್ಟು ನಿಮಿಷ. ಎಲ್ಲಕ್ಕಿಂತ ಕೆಳಗೆ ನಾಲ್ಕು ಗೆರೆಯ ಜಾಗ, ಷರಾ. ಉಳಿದ ರೆಕಾರ್ಡಿಸ್ಟರು ಅಲ್ಲಿ ‘ಸರಿಯಿದೆ’ ಎಂದು ಗೀಚಿ ಕ್ಯಾಂಟೀನಿನ ಕಡೆ ಕಾಲು ಹಾಕುತ್ತಿದ್ದರು. ನಮ್ಮ ಸಾಹೇಬರು ಹಾಗಲ್ಲ. ‘ಎರಡನೇ ನಿಮಿಷದಲ್ಲಿ ಗಾಯಕಿ ಉಸಿರೆಳೆದದ್ದು ಕೇಳಿಸುತ್ತದೆ.’ ‘ಸುದ್ದಿ ಓದುವವರ ಕುರ್ಚಿಯ ಹಿಂಗಾಲು ಕಿರುಗುಟ್ಟುತ್ತದೆ.’ ‘ಮಾನ್ಯ ಮಂತ್ರಿಗಳ ಮಾತಿಗಿಂತ ಅವರು ಮೇಜು ಕುಟ್ಟಿದ್ದು ಸ್ಪಷ್ಟವಾಗಿದೆ.’ ಈ ಕೊನೆಯ ಷರಾಕ್ಕೆ ಮೆಮೊ ಬಂತು. ಮೆಮೊ ತಂದ ಗುಮಾಸ್ತನಿಗೆ, ನಿನ್ನ ಎಡಗಾಲಿನ ಬೂಟು ಕಿರುಗುಟ್ಟುತ್ತಿದೆ ನೋಡಿಸಿಕೋ ಎಂದು ಹೇಳಿ ಕಳಿಸಿದರು.

ಹೀಗೆ ಎಲ್ಲರಲ್ಲೂ ಹುಳುಕು ಹುಡುಕುವ ಮನುಷ್ಯ ಅಪರೂಪಕ್ಕೆ ಷರಾ ಜಾಗ ಖಾಲಿ ಬಿಟ್ಟರೆ ಅದು ಸುದ್ದಿಯಾಗುತ್ತಿತ್ತು. ಅವರು ಬಾಯಿ ಬಿಡಲಿಲ್ಲವೆಂದರೆ ಪಾಸು, ಅದೂ ಮೊದಲ ದರ್ಜೆಯಲ್ಲಿ. ಅಂಥ ಹಾಳೆಯ ಕಾರ್ಬನ್ ಪ್ರತಿಯನ್ನು ಕಲಾವಿದರು ಕೇಳಿ ಪಡೆದುಕೊಂಡು ಮನೆಗೆ ಒಯ್ಯುತ್ತಿದ್ದರು. ಇಡೀ ಸೇವಾವಧಿಯಲ್ಲಿ ಹಾಗೆ ಖಾಲಿ ಬಿಟ್ಟದ್ದು ಐದೋ ಆರೋ ಸಲ. ಅದರಲ್ಲಿ ಒಂದು ಸುಳ್ಳು. ಈ ಕಥೆ ಆ ಒಂದರದು.

ಕಿವಿ ಅವರಿಗೆ ಅಪ್ಪನಿಂದ ಬಂದ ಆಸ್ತಿ. ಅಪ್ಪ ರೈಲ್ವೆಯಲ್ಲಿದ್ದರು. ನಿಂತ ಗಾಡಿಯ ಚಕ್ರಗಳನ್ನು ಒಂದೊಂದಾಗಿ ಸುತ್ತಿಗೆಯಿಂದ ತಟ್ಟಿ, ಸದ್ದು ಕೇಳಿ, ಯಾವುದರಲ್ಲಿ ಬಿರುಕಿದೆ ಎಂದು ಹೇಳುವ ಕೆಲಸ. ಮಗನನ್ನು ಜೊತೆಗೆ ಕರೆದೊಯ್ದಾಗ ಒಂದೇ ಮಾತು ಹೇಳುತ್ತಿದ್ದರು. “ಸದ್ದು ಕೆಟ್ಟಿದೆ ಅಂತ ಗೊತ್ತಾಗೋದು ದೊಡ್ಡ ವಿಷಯ ಅಲ್ಲ ಕಣೋ. ಗೊತ್ತಾದ ಮೇಲೆ ಬಾಯಿ ಮುಚ್ಕೊಂಡಿದ್ರೆ ಮುಂದಿನ ಊರಲ್ಲಿ ಗಾಡಿ ಉರುಳುತ್ತೆ.” ಮಗ ಅದನ್ನು ಅಕ್ಷರಶಃ ಪಾಲಿಸಿದ. ಮದುವೆಯಾದ ವಾರದಲ್ಲೇ ಹೆಂಡತಿಗೆ, ನೀನು ನಿದ್ದೆಯಲ್ಲಿ ಹಲ್ಲು ಕಡಿಯುತ್ತೀ ಎಂದು ಹೇಳಿದ ಭೂಪ. ಆಕೆಯೂ ಸುಮ್ಮನಿರುವ ಪೈಕಿಯಲ್ಲ. “ನಿಮ್ಮ ಕಿವಿ ಎರಡನ್ನೂ ರಾತ್ರಿ ಕಿತ್ತು ಬೀರುವಿನಲ್ಲಿಟ್ಟು ಮಲಗಿ, ಬೆಳಿಗ್ಗೆ ಕೊಡ್ತೀನಿ” ಎಂದಿದ್ದಳು.

ಈಗ ಸಾಹೇಬರಿಗೆ ಎಪ್ಪತ್ತೊಂದು. ಮೂರು ಕೋಣೆಯ ಮನೆ, ಮಧ್ಯಾಹ್ನದ ನಿದ್ದೆ, ಸಂಜೆಯ ನಡಿಗೆ. ಹೀಗೇ ಸಾಗುತ್ತಿದ್ದಾಗ ಒಂದು ಗುರುವಾರ ಮಧ್ಯಾಹ್ನ ಒಬ್ಬ ಹೆಣ್ಣುಮಗಳು ಬಾಗಿಲು ತಟ್ಟಿದಳು. ಸಂಗೀತ ಕಾಲೇಜಿನಲ್ಲಿ ಪಾಠ ಹೇಳುವವಳು, ಮೂವತ್ತರ ಆಸುಪಾಸು. ಕೈಯಲ್ಲಿ ಒಂದು ಹಳೆಯ ಪತ್ರಿಕೆ.

“ಸರ್, ನೀವೇ ಅಲ್ವಾ ಆ ಲಿಫ್ಟಿನವನ ಸಿನಿಮಾಕ್ಕೆ ಸಂಗೀತ ರೆಕಾರ್ಡ್ ಮಾಡಿದ್ದು? ಮೂವತ್ತೊಂದು ವರ್ಷದ ಹಿಂದೆ ಟೀವಿಗೆ ಅಂತಲೇ ಮಾಡಿದ್ದು?”

ಸಾಹೇಬರ ಕೈಯಲ್ಲಿದ್ದ ಕಾಫಿ ಲೋಟ ತಟ್ಟೆಗೆ ತಗುಲಿ ಸದ್ದಾಯಿತು. ಹೆಂಡತಿ ತಿರುಗಿ ನೋಡಿದಳು. ಆ ಮನೆಯಲ್ಲಿ ಲೋಟದ ಸದ್ದು ಮಾಡುವವರು ಅವರಲ್ಲ.

“ಹೂಂ. ಯಾಕೆ?” ಎಂದರು.

ಟೀಚರಮ್ಮ ಶುರು ಮಾಡಿದಳು ನೋಡಿ, ನಿಲ್ಲಿಸುವವರೇ ಇಲ್ಲ. ಕೇಂದ್ರದ ಹಳೆಯ ಟೇಪುಗಳನ್ನು ಕಂಪ್ಯೂಟರಿಗೆ ಹಾಕುವ ಕೆಲಸ ನಡೆಯುತ್ತಿದೆಯಂತೆ. ಅಲ್ಲಿ ಈ ಚಿತ್ರ ಕಣ್ಣಿಗೆ ಬಿತ್ತಂತೆ. ಹೆಡ್‌ಫೋನ್ ಹಾಕಿಕೊಂಡು ನೋಡಿದಳಂತೆ. ದೊಡ್ಡ ಕಟ್ಟಡವೊಂದರ ಲಿಫ್ಟ್ ನಡೆಸುವವನ ಕಥೆ. ಇನ್ನೊಂದು ವಾರಕ್ಕೆ ತಾನೇ ನಡೆಯುವ ಲಿಫ್ಟ್ ಬರುತ್ತದೆ, ಅವನು ಮನೆಗೆ ಹೋಗಬೇಕು. ಚಿತ್ರದಲ್ಲಿ ಮಾತು ಕಡಿಮೆ. ಅಡಿಯಲ್ಲಿ ಸಂಗೀತ.

“ಅವನು ಜನರನ್ನ ಮೇಲಕ್ಕೆ ಕರ್ಕೊಂಡು ಹೋಗೋವಾಗೆಲ್ಲ ಸಂಗೀತ ಕೆಳಗೆ ಇಳಿಯುತ್ತೆ ಸರ್. ಅವನು ಕೆಳಗೆ ಬಂದ್ರೆ ಸಂಗೀತ ಮೇಲೆ ಹೋಗುತ್ತೆ. ನನಗೆ ಎರಡು ದಿನ ಅರ್ಥವೇ ಆಗಲಿಲ್ಲ. ಆಮೇಲೆ ಹೊಳೀತು. ಲಿಫ್ಟಿನ ಹಗ್ಗದ ಇನ್ನೊಂದು ತುದೀಲಿ ಒಂದು ಕಬ್ಬಿಣದ ಭಾರ ಇರುತ್ತಲ್ಲ, ಲಿಫ್ಟ್ ಏರಿದ್ರೆ ಅದು ಇಳಿಯುತ್ತೆ, ಯಾರ ಕಣ್ಣಿಗೂ ಬೀಳಲ್ಲ. ಆ ಭಾರಕ್ಕೆ ಸಂಗೀತ ಬರೆದಿದ್ದಾರೆ ಸರ್ ಅವರು! ಇಂಥದ್ದು ಒಂದು ಕ್ಯಾಸೆಟ್ಟಾಗಿ ಕೂಡ ಬರಲಿಲ್ಲ ಅಂದ್ರೆ ಹೊಟ್ಟೆ ಉರಿಯುತ್ತೆ. ಯಾರೋ ತಲೆ ಇಲ್ಲದ ವಿಮರ್ಶಕ ನೋಡಿ ಈ ಪತ್ರಿಕೇಲಿ ‘ಸಂಗೀತ ನಿರ್ದೇಶಕರ ಹೆಸರು ಹಾಜರಿತ್ತು, ಸಂಗೀತ ರಜೆಯ ಮೇಲಿತ್ತು’ ಅಂತ ಬರೆದ. ಅಲ್ಲಿಗೆ ಮುಗೀತು.”

ಸಾಹೇಬರು ನೆಲ ನೋಡುತ್ತಿದ್ದರು. ಆ ಭಾರದ ವಿಷಯ ಅವರಿಗೆ ಇವತ್ತಿನವರೆಗೆ ಹೊಳೆದಿರಲಿಲ್ಲ. ಮೂರು ದಿನ, ದಿನಕ್ಕೆ ಎಂಟು ಗಂಟೆ, ಗಾಜಿನ ಈಚೆ ಕೂತು ಕೇಳಿದ ಮನುಷ್ಯ. ಇನ್ನು ಆ ರಜೆಯ ಮಾತು ಯಾರದೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

“ಬರೋ ತಿಂಗಳು ಕಾಲೇಜಲ್ಲಿ ಎಲ್ಲರಿಗೂ ಕೇಳಿಸ್ತೀವಿ. ಇಷ್ಟು ಚೆನ್ನಾಗಿ ರೆಕಾರ್ಡ್ ಮಾಡಿದವರು ನೀವು, ನಾಲ್ಕು ಮಾತಾಡಬೇಕು. ಮೂಲ ಟೇಪು ಎಲ್ಲಾದರೂ ಇರಬಹುದಾ ಸರ್?”

“ನನ್ನ ಹತ್ರ ಇದೆ” ಎಂದುಬಿಟ್ಟರು ಸಾಹೇಬರು. ಯಾಕೆ ಹೇಳಿದೆನೋ ಎಂದು ಮರುಕ್ಷಣ ನಾಲಿಗೆ ಕಚ್ಚಿಕೊಂಡರು. ಟೀಚರಮ್ಮನ ಕಣ್ಣಲ್ಲಿ ನೀರೇ ಬಂತು. ಕೇಂದ್ರದವರು ಕಪಾಟು ಖಾಲಿ ಮಾಡಿದಾಗ ಇದೊಂದನ್ನು ಕಾಪಾಡಿಕೊಂಡು ಬಂದ ಪುಣ್ಯಾತ್ಮ ಎಂದು ಆಕೆ ತಿಳಿದಳು. ಅದು ಪುಣ್ಯದ ಕೆಲಸವಾಗಿರಲಿಲ್ಲ. ತಾನು ಮಾಡಿದ್ದು ಇನ್ನೊಬ್ಬರ ಕೈಗೆ ಸಿಗಬಾರದೆಂದು ತಂದದ್ದು. ತಂದು ಟ್ರಂಕಿನ ತಳಕ್ಕೆ ಹಾಕಿ, ಹದಿನೆಂಟು ವರ್ಷ ಅದರ ಮೇಲೆ ಹಳೆಯ ಕಂಬಳಿ ಹೊದಿಸಿಟ್ಟಿದ್ದರು. ಒಮ್ಮೆಯೂ ಕೇಳಿರಲಿಲ್ಲ.

ಆಗಿದ್ದು ಇಷ್ಟು.

ಇಪ್ಪತ್ತು ಸಿನಿಮಾಗಳಿಗೆ ಸಂಗೀತ ಕೊಟ್ಟು ಸಾಕಷ್ಟು ಹೆಸರಿದ್ದ ಸಂಗೀತ ನಿರ್ದೇಶಕರು ಮೊದಲ ಬಾರಿಗೆ ಟೀವಿಗೆಂದು ಕೇಂದ್ರಕ್ಕೆ ಬಂದಿದ್ದರು. ಕಿವಿಯ ಸಂದಿಯಲ್ಲಿ ಪೆನ್ಸಿಲು, ಕೈಯಲ್ಲಿ ಸ್ವರ ಬರೆದ ಕಾಗದಗಳ ಕಟ್ಟು. ಜೊತೆಗೆ ತಂದದ್ದು ಆರೇ ಜನ. ಆಳೆತ್ತರದ ಪಿಟೀಲಿನಂಥ ಡಬಲ್ ಬಾಸ್ ಎರಡು, ಕಾಲ ನಡುವೆ ಹಿಡಿದು ನುಡಿಸುವ ಚೆಲ್ಲೊ ಮೂರು, ಸೊಂಟದೆತ್ತರದ ಕ್ಲಾರಿನೆಟ್ ಒಂದು. ಪಿಟೀಲಿಲ್ಲ, ಕೊಳಲಿಲ್ಲ. ಎಲ್ಲವೂ ತಗ್ಗಿನ ದನಿಯವು. ಸಾಹೇಬರು ಮಾಮೂಲಿನಂತೆ ಮೈಕನ್ನು ಡಬಲ್ ಬಾಸಿನ ಮೂತಿಗೇ ಇಟ್ಟರು. ಸಂಗೀತ ನಿರ್ದೇಶಕರು ವಾದ್ಯದವರೆಲ್ಲರ ಎದುರಿಗೆ, “ಸ್ವಾಮಿ, ಇದು ಸುದ್ದಿ ಅಲ್ಲ, ಬಾಯಿಗೆ ಮೈಕ್ ಹಿಡಿಯೋಕೆ. ಇದು ಹೊಟ್ಟೆಯಿಂದ ಮಾತಾಡೋ ವಾದ್ಯ. ನಾಲ್ಕಡಿ ಹಿಂದಕ್ಕೆ ತಗೊಳ್ಳಿ” ಎಂದರು. ವಾದ್ಯದವರು ಕಿಸಕ್ಕೆಂದರು. ಸಾಹೇಬರು ಹಿಂದಕ್ಕೆ ತೆಗೆದುಕೊಂಡರು. ಸದ್ದು ನಿಜಕ್ಕೂ ಚೆನ್ನಾಯಿತು, ಕೋಣೆ ತುಂಬಿತು. ಆ ಮನುಷ್ಯ ತಪ್ಪು ಹೇಳಿದ್ದರೆ ಸಾಹೇಬರು ಅದನ್ನು ಎತ್ತಿ ತೋರಿಸಿ ಸಮಾಧಾನಪಟ್ಟುಕೊಳ್ಳುತ್ತಿದ್ದರು. ಸರಿ ಹೇಳಿದ್ದೇ ಮೈಯೆಲ್ಲ ಉರಿಸಿತು.

ಗಾಜಿನ ಈಚೆ ಸಾಹೇಬರ ಮೇಜಿನ ಮೇಲೆ, ಗೋಡೆಯ ದೊಡ್ಡ ಸ್ಪೀಕರುಗಳಲ್ಲದೆ, ಊಟದ ಡಬ್ಬಿಯಷ್ಟು ಸಣ್ಣದೊಂದು ಸ್ಪೀಕರ್ ಇತ್ತು. ಅದಕ್ಕೆ ‘ಮನೆ ಪೆಟ್ಟಿಗೆ’ ಎಂದು ಹೆಸರು. ಜನರ ಮನೆಯ ಟೀವಿಯಲ್ಲಿ ಎಂಥ ಸದ್ದು ಬರುತ್ತದೋ ಅಂಥದ್ದನ್ನೇ ಅದು ಕೊಡುತ್ತಿತ್ತು. ಗಾಜಿನ ಆಚೆಗಿನವರಿಗೆ ಅದು ಕೇಳಿಸುತ್ತಿರಲಿಲ್ಲ. ಏನೇ ರೆಕಾರ್ಡ್ ಮಾಡಿದರೂ ಮನೆ ಪೆಟ್ಟಿಗೆಯಲ್ಲಿ ಒಮ್ಮೆ ಕೇಳಿ ನೋಡುವುದು ಸಾಹೇಬರದೇ ಕೆಲಸ. ಅವರು ಗುಂಡಿ ತಿರುಗಿಸಿದರು. ಗೋಡೆ ಅದುರಿಸುತ್ತಿದ್ದ ಸಂಗೀತ ಪಟ್ಟನೆ ಮಾಯವಾಯಿತು. ಪಕ್ಕದ ಮನೆಯಲ್ಲಿ ಯಾರೋ ಪೆಟ್ಟಿಗೆ ಎಳೆದಂಥ ಕೊರ ಕೊರ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಅಷ್ಟು ತಗ್ಗಿನ ದನಿಯನ್ನು ಆ ಬಡ ಸ್ಪೀಕರ್ ಹೊರಲಾರದು. ಥಿಯೇಟರಿನ ಅಭ್ಯಾಸದ ಸಂಗೀತ ನಿರ್ದೇಶಕರಿಗೆ ಇದು ತಿಳಿಯದು. ಇಡೀ ಕಟ್ಟಡದಲ್ಲಿ ತಿಳಿದದ್ದು ಒಬ್ಬರಿಗೇ.

ಒಂದು ಮಾತು ಸಾಕಿತ್ತು. ‘ಸ್ವಾಮಿ, ಒಳಗೆ ಬಂದು ಇದನ್ನ ಕೇಳಿ.’ ಜೊತೆಗೊಂದು ಪಿಟೀಲೋ ಪಿಯಾನೋ ಸೇರಿಸಿ ಮತ್ತೆ ಬರೆಯಲು ಆ ಮನುಷ್ಯನಿಗೆ ಒಂದು ಸಂಜೆ ಹಿಡಿಯುತ್ತಿತ್ತು, ಅಷ್ಟೆ. ಆಗ ಆಚೆಯಿಂದ ಅವರೇ ಕೇಳಿದರು, “ಹೇಗಿದೆ ಸಾಹೇಬ್ರೆ?” ಸಾಹೇಬರು ಗುಂಡಿಯನ್ನು ಮತ್ತೆ ದೊಡ್ಡ ಸ್ಪೀಕರಿಗೆ ತಿರುಗಿಸಿದರು. ಏನೂ ಹೇಳಲಿಲ್ಲ. ಮೈಕಿನ ಪಾಠ ಹೇಳಲು ಬಂದವನಿಗೆ ತಾನೇ ಗೊತ್ತಾಗಲಿ ಎಂದು ಕೂತರು. ಮೂರನೆಯ ದಿನ ಹಾಳೆ ತುಂಬಿದರು, ಷರಾ ಖಾಲಿ ಬಿಟ್ಟರು. ಸಂಗೀತ ನಿರ್ದೇಶಕರು ಕಾರ್ಬನ್ ಪ್ರತಿ ಕೇಳಿದಾಗ ಕೊಟ್ಟೂ ಬಿಟ್ಟರು.

ಚಿತ್ರ ಪ್ರಸಾರವಾದ ಭಾನುವಾರ ಮನೆಯಲ್ಲಿ ಹೆಂಡತಿ ಅರ್ಧ ಚಿತ್ರ ನೋಡಿ, “ಇದಕ್ಕೆ ಸಂಗೀತನೇ ಇಲ್ವೇನ್ರೀ?” ಎಂದಳು. ಸಾಹೇಬರು ನಕ್ಕರು. ಜೋರಾಗಿ, ಬಾಯ್ತುಂಬ ನಕ್ಕರು. ಸೋಮವಾರ ಕ್ಯಾಂಟೀನಿನಲ್ಲಿ ಆ ರಜೆಯ ಮಾತು ಹುಟ್ಟಿಸಿ ಮೇಜು ಮೇಜಿಗೂ ಹಂಚಿದವರು ಅವರೇ. ಪಕ್ಕದ ಮೇಜಿನಲ್ಲಿ ಬಿಟ್ಟಿ ಟೀ ಕುಡಿಯುತ್ತಿದ್ದ ಪತ್ರಕರ್ತನೊಬ್ಬ ಅದನ್ನು ಎತ್ತಿಕೊಂಡು ಹೋಗಿ ಮುಂದಿನ ವಾರ ಅಚ್ಚು ಮಾಡಿದ. ಊರೆಲ್ಲ ಆಡಿಕೊಂಡಿತು. ಕ್ಯಾಸೆಟ್ ತರಬೇಕೆಂದಿದ್ದ ಕಂಪನಿ, ಕೇಳಿಸದ್ದನ್ನು ಮಾರುವುದು ಹೇಗೆ ಎಂದು ಕೈ ಎತ್ತಿತು. ಕೇಂದ್ರದವರು ಸಂಗೀತ ನಿರ್ದೇಶಕರನ್ನು ಮತ್ತೆ ಕರೆಯಲಿಲ್ಲ. ಸಿನಿಮಾದವರೂ ಆ ಮಾತು ಹೇಳಿಕೊಂಡು ನಗುತ್ತ ದೂರವಾದರು. ಒಂದೆರಡು ಚಿತ್ರ ಮಾಡಿ ಅವರು ಮನೆಯಲ್ಲೇ ಮಕ್ಕಳಿಗೆ ಪಾಠ ಹೇಳತೊಡಗಿದರು ಎಂದು ಸುದ್ದಿ ಬಂದ ದಿನ ಸಾಹೇಬರಿಗೆ ಊಟ ಸೇರಲಿಲ್ಲ. ಹೋಗಿ ಹೇಳಬೇಕೆನಿಸಿತು. ನಾಳೆ ಎಂದುಕೊಂಡರು. ಮೂವತ್ತೊಂದು ವರ್ಷ ನಾಳೆ ಎಂದುಕೊಂಡರು.

ಟೀಚರಮ್ಮ ಹೋದ ಮೇಲೆ ಹೆಂಡತಿ ಲೋಟಗಳನ್ನು ಎತ್ತುತ್ತ, “ಅವತ್ತು ನೀವು ನಕ್ಕಿದ್ರಿ. ನನಗೆ ಚೆನ್ನಾಗಿ ನೆನಪಿದೆ. ನಗೋದಕ್ಕೇನಿತ್ತು ಅಂತ ಆವಾಗಲೂ ಅಂದ್ಕೊಂಡೆ” ಎಂದಳು.

ಸಾಹೇಬರು ಎಲ್ಲ ಹೇಳಿದರು. ಹೇಳುವಾಗ ಮುಖವೆತ್ತಲಾಗಲಿಲ್ಲ, ಮೇಜಿನ ಬಟ್ಟೆಯ ಅಂಚಿನಿಂದ ಒಂದೊಂದೇ ದಾರ ಎಳೆಯುತ್ತಿದ್ದರು. ನಲವತ್ತೈದು ವರ್ಷ ಸಂಸಾರ ಮಾಡಿದ ಹೆಂಗಸಿನ ಎದುರು ತಾನು ಇಂಥವನು ಎಂದು ತೋರಿಸಿಕೊಳ್ಳಲು ಇಷ್ಟು ನಾಚಿಕೆಯಾಗುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಅವರು ಬದುಕಿಕೊಳ್ಳುತ್ತಿದ್ದರು.

“ಇದನ್ನ ನನಗೆ ಹೇಳಿ ಏನು ಪ್ರಯೋಜನ?” ಎಂದಳು. “ಬದುಕಿದಾರಲ್ಲ ಅವರು? ಅವರಿಗೆ ಹೇಳಿ. ಮೇಜಿನ ಬಟ್ಟೆ ಬಿಡಿ, ಹೊಸದು.”

ಬದುಕಿದ್ದರು. ಎಂಬತ್ತಮೂರು ವಯಸ್ಸು, ಮಗಳ ಮನೆಯಲ್ಲಿದ್ದರು. ಕಿವಿ ಮಂದವಾದ್ದರಿಂದ ಕಾಲೇಜಿನ ಕಾರ್ಯಕ್ರಮಕ್ಕೆ ಬರುವುದಿಲ್ಲವೆಂದು ಮಗಳು ಟೀಚರಮ್ಮನಿಗೆ ಆಗಲೇ ಹೇಳಿಬಿಟ್ಟಿದ್ದಳು. ಹಾಗಾದರೆ ನಾವೇ ಅಲ್ಲಿಗೆ ಹೋಗಿ ಕೇಳಿಸೋಣ ಎಂದರು ಸಾಹೇಬರು. ಟೇಪನ್ನು ಟೀಚರಮ್ಮ ಲ್ಯಾಪ್‌ಟಾಪಿಗೆ ಇಳಿಸಿಕೊಂಡಳು. ದೊಡ್ಡ ಸ್ಪೀಕರೇ ಬೇಕೆಂದು ಸಾಹೇಬರು ಹಟ ಹಿಡಿದು, ಕಾಲೇಜಿನ ಎರಡು ಸ್ಪೀಕರುಗಳನ್ನು ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಕೂರಿಸಿ, ತಾವು ಮುಂದೆ ಡ್ರೈವರನ ಪಕ್ಕ ಮುದುಡಿ ಕೂತರು. ಟೀಚರಮ್ಮ ಸ್ಪೀಕರುಗಳ ನಡುವೆ ಸಿಕ್ಕಿಕೊಂಡಿದ್ದಳು. ದಾರಿಯುದ್ದಕ್ಕೂ ಸಾಹೇಬರು ಹೇಳಬೇಕಾದ ಮಾತನ್ನು ತುಟಿ ಅಲುಗಿಸದೆ ಅಭ್ಯಾಸ ಮಾಡಿದರು. ಮೆಲ್ಲಗೆ, ಹತ್ತಿರ ಕೂತು, ಇನ್ನೊಬ್ಬರಿಗೆ ಕೇಳಿಸದಂತೆ ಹೇಳಿ ಮುಗಿಸುವುದೆಂದು ನಿಶ್ಚಯ.

ಮೊದಲನೇ ಮಹಡಿಯ ಮನೆ. ಬೀದಿಯ ಕಡೆ ಕಿಟಕಿ, ಕಿಟಕಿಗೆದುರಾಗಿ ಇನ್ನೊಂದು ಮನೆಯ ಬಾಲ್ಕನಿ. ಸಂಗೀತ ನಿರ್ದೇಶಕರು ಕುರ್ಚಿಯಲ್ಲಿದ್ದರು. ಮೈ ಇಳಿದಿತ್ತು, ಪೆನ್ಸಿಲು ಮಾತ್ರ ಕಿವಿಯ ಸಂದಿಯಲ್ಲೇ ಇತ್ತು. ಮಗಳು ಟೀಚರಮ್ಮನಿಗೆ ಹೇಳುತ್ತಿದ್ದಳು, “ಅಪ್ಪನ ಹಳೇ ಹಾಡು ಹಾಕಿದ್ರೆ ‘ಯಾಕಮ್ಮ ಬರೀ ತಾಳ ಹಾಕಿದೀಯ, ಪಿಟೀಲೆಲ್ಲಿ’ ಅಂತಾರೆ. ಪಿಟೀಲು ಇರುತ್ತೆ, ಅವರಿಗೆ ಕೇಳಿಸಲ್ಲ. ಅದಕ್ಕೇ ಹಾಕೋದೇ ಬಿಟ್ವಿ.” ವಯಸ್ಸಾದ ಕಿವಿಯಿಂದ ಮೊದಲು ಜಾರುವುದು ಮೇಲಿನ ದನಿಗಳೇ, ತಗ್ಗಿನವು ಕೊನೆಯವರೆಗೆ ಉಳಿಯುತ್ತವೆ ಎಂದು ಸಾಹೇಬರಿಗೆ ಗೊತ್ತಿತ್ತು. ಅದಕ್ಕೇ ಅವರು ದೊಡ್ಡ ಸ್ಪೀಕರು ಹೊತ್ತು ತಂದದ್ದು.

ಸಂಗೀತ ನಿರ್ದೇಶಕರು ಸಾಹೇಬರ ಎರಡೂ ಕೈ ಹಿಡಿದುಕೊಂಡರು.

“ಷರಾ ಸಾಹೇಬ್ರು! ಗುರುತು ಸಿಗಲಿಲ್ಲ ಅಂದ್ಕೊಂಡ್ರಾ? ಬನ್ನಿ, ನಿಮಗೊಂದು ತೋರಿಸಬೇಕು.” ಹತ್ತು ವರ್ಷದ ಮೊಮ್ಮಗಳನ್ನು ಕರೆದು ಒಳಗಿನಿಂದ ಕಾಗದದ ಕಟ್ಟು ತರಿಸಿದರು. ಸ್ವರ ಬರೆದ ಹಾಳೆಗಳ ನಡುವಿನಿಂದ, ಪ್ಲಾಸ್ಟಿಕ್ ಕವರಿನಲ್ಲಿಟ್ಟ ಒಂದು ಕಾರ್ಬನ್ ಪ್ರತಿ ಹೊರಬಂತು. ನೀಲಿ ಅಕ್ಷರಗಳು ಮಸುಕಾಗಿದ್ದವು. ಕೆಳಗಿನ ನಾಲ್ಕು ಗೆರೆ ಖಾಲಿ.

“ನೋಡು ಪುಟ್ಟಿ, ಇವರೇ ಅವರು. ಮಂತ್ರಿಗೂ ಬಿಡದೆ ತಪ್ಪು ಬರೆದೋರು. ನಮ್ಮ ಕೆಲಸದಲ್ಲಿ ಒಂದು ಚುಕ್ಕೆ ತಪ್ಪು ಹುಡುಕೋಕಾಗಲಿಲ್ಲ ಇವರಿಗೆ.” ಮುದುಕರ ಮುಖ ಅರಳಿತ್ತು. “ಊರೆಲ್ಲ ನಕ್ಕಾಗ ಇದನ್ನ ತೆಗೆದು ನೋಡ್ತಿದ್ದೆ ಸಾಹೇಬ್ರೆ. ಕೇಳಿಸಿಕೊಂಡೋನು ಒಬ್ಬನಾದರೂ ಇದಾನಲ್ಲ, ಅಷ್ಟು ಸಾಕು ಅಂತ.”

ಸಾಹೇಬರು ಆ ಖಾಲಿ ಗೆರೆಗಳನ್ನು ನೋಡಿದರು. ಹೇಳಿದರೆ ಈ ಮನುಷ್ಯನ ಕೈಯಲ್ಲಿ ಉಳಿದಿರುವ ಒಂದೇ ಒಂದನ್ನೂ ಕಿತ್ತುಕೊಂಡಂತೆ. ಹೇಳದಿದ್ದರೆ ಇವತ್ತಿನಿಂದ ಈ ಖಾಲಿ ಜಾಗ ಎರಡು ಸಲ ಸುಳ್ಳು. ಸುಮ್ಮನೆ ಕಾಫಿ ಕುಡಿದು, ಸಂಗೀತ ಕೇಳಿಸಿ, ಒಳ್ಳೆಯವನೆನಿಸಿಕೊಂಡು ಮನೆಗೆ ಹೋಗಬಹುದಿತ್ತು. ಅದೆಷ್ಟು ಸುಲಭವೆಂದು ಕಂಡದ್ದಕ್ಕೇ ಅವರಿಗೆ ತಮ್ಮ ಮೇಲೆ ಹೇಸಿಗೆಯಾಯಿತು. ಕುರ್ಚಿ ಹತ್ತಿರ ಎಳೆದುಕೊಂಡು, ಅಭ್ಯಾಸ ಮಾಡಿದ್ದ ಮಾತನ್ನು ಮೆಲ್ಲಗೆ ಹೇಳಿದರು.

“ಏನಂದ್ರಿ?”

ಇನ್ನೊಂದಿಷ್ಟು ಗಟ್ಟಿಯಾಗಿ ಹೇಳಿದರು.

“ಕೇಳಿಸ್ತಿಲ್ಲ ಸ್ವಾಮಿ, ಗಟ್ಟಿಯಾಗಿ ಹೇಳಿ. ಇಲ್ಲಿ ಯಾರಿದಾರೆ, ಎಲ್ಲ ನಮ್ಮವರೇ!”

ಎಲ್ಲ ಅವರವರೇ. ಮಗಳು, ಮೊಮ್ಮಗಳು, ಟೀಚರಮ್ಮ. ಎದುರಿನ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದ ಹೆಂಗಸು ಬೇರೆ. ಜೀವನದಲ್ಲಿ ಎಂದೂ ದನಿಯೇರಿಸದ, ಬೇರೆಯವರು ಏರಿಸಿದರೆ ಷರಾ ಬರೆಯುತ್ತಿದ್ದ ಸಾಹೇಬರು ಗಂಟಲು ಹರಿಯುವಂತೆ ಕೂಗಿದರು.

“ನನಗೆ ಗೊತ್ತಿತ್ತು! ಮನೆ ಟೀವಿಲಿ ಇದು ಕೇಳಿಸಲ್ಲ ಅಂತ ಮೊದಲನೇ ದಿನಾನೇ ಗೊತ್ತಿತ್ತು! ಸಣ್ಣ ಸ್ಪೀಕರಲ್ಲಿ ಹಾಕಿ ನೋಡಿದ್ದೆ! ನೀವು ಮೈಕ್ ವಿಷಯಕ್ಕೆ ಎಲ್ಲರೆದುರು ಅಂದ್ರಲ್ಲ, ಆ ಸಿಟ್ಟಿಗೆ ಹೇಳಲಿಲ್ಲ! ಆ ರಜೆ ಮಾತು ಕೂಡ ನಂದೇ! ವಿಮರ್ಶಕಂದಲ್ಲ, ನಂದು!”

ಬಾಲ್ಕನಿಯ ಹೆಂಗಸಿನ ಕೈಯಲ್ಲಿ ಒದ್ದೆ ಬಟ್ಟೆ ಹಾಗೇ ನಿಂತಿತ್ತು. ಟೀಚರಮ್ಮ ಸ್ಪೀಕರಿನ ವಯರು ಹಿಡಿದು ಕೂತಿದ್ದವಳು ತಲೆಯೆತ್ತಿ ಸಾಹೇಬರನ್ನು ನೋಡಿದಳು, ಆಮೇಲೆ ನೋಡಲಿಲ್ಲ. ಮಗಳ ಮುಖ ಕೆಂಪಾಯಿತು. ಏನೋ ಹೇಳಲು ಬಾಯಿ ತೆರೆದವಳನ್ನು ಮುದುಕರು ಕೈಯೆತ್ತಿ ತಡೆದರು.

ಕಾರ್ಬನ್ ಪ್ರತಿಯ ಖಾಲಿ ಗೆರೆಗಳ ಮೇಲೆ ಒಂದೊಂದಾಗಿ ಬೆರಳಾಡಿಸಿದರು. ಸಾಹೇಬರಿಗೆ ಆ ಮುಖ ನೋಡಲಾಗಲಿಲ್ಲ, ನೋಡದಿರಲೂ ಆಗಲಿಲ್ಲ.

“ಹಾಗಾದ್ರೆ ಇದು ಪಾಸಲ್ಲ” ಎಂದರು ಕೊನೆಗೆ.

ಸಾಹೇಬರು ಅಲ್ಲವೆಂದು ತಲೆಯಾಡಿಸಿದರು.

“ಟೀವಿ ವಿಷಯ ಬಿಡಿ. ಸಂಗೀತ? ಅವತ್ತು ಕೇಳಿದ್ದೆ ನಿಮ್ಮನ್ನ, ಹೇಗಿದೆ ಅಂತ. ಅದಕ್ಕೆ ಉತ್ತರ ಕೊಡಿ.”

ಸಾಹೇಬರು ಮತ್ತೆ ಕೂಗಬೇಕಾಯಿತು. “ಗೊತ್ತಿಲ್ಲ! ಸಿಟ್ಟಲ್ಲಿದ್ದೆ! ಕೇಳಿಸಿಕೊಳ್ಳಲೇ ಇಲ್ಲ!” ಇದನ್ನು ಹೇಳುವಾಗ ಮೊದಲಿನದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಕಿವಿಯೊಂದನ್ನೇ ನಂಬಿ ಬದುಕಿದ ಮನುಷ್ಯ.

“ಹಾಕಿ” ಎಂದರು ಮುದುಕರು ಟೀಚರಮ್ಮನಿಗೆ.

ಸಂಗೀತ ಶುರುವಾಯಿತು. ಮೊದಲು ಕಿಟಕಿಯ ಗಾಜು ಅದುರಿತು, ಆಮೇಲೆ ಕುರ್ಚಿಯ ಕೈ. ಮುದುಕರು ಅಂಗೈಯನ್ನು ಸ್ಪೀಕರಿನ ಮೇಲಿಟ್ಟರು. ಒಂದು ನಿಮಿಷದೊಳಗೆ ಅವರ ಇನ್ನೊಂದು ಕೈಯ ಬೆರಳು ತೊಡೆಯ ಮೇಲೆ ತಾಳ ಹಾಕತೊಡಗಿತು. “ಅಪ್ಪಂಗೆ ಕೇಳಿಸ್ತಿದೆ!” ಎಂದಳು ಮಗಳು. ಕೇಳಿಸುತ್ತಿತ್ತು. ಪಿಟೀಲು ಕೊಳಲುಗಳ ಅವರ ಹಾಡುಗಳೆಲ್ಲ ಅವರ ಪಾಲಿಗೆ ಮುಗಿದುಹೋಗಿದ್ದವು. ಊರಿಗೆ ಕೇಳಿಸದ ಇದೊಂದು ಅವರಿಗೆ ಪೂರ್ತಿ ಕೇಳಿಸುತ್ತಿತ್ತು.

ಸಾಹೇಬರು ಕಣ್ಣು ಮುಚ್ಚಿ ಕೂತರು. ಲಿಫ್ಟು ಏರುತ್ತದೆ, ಅಡಿಯಲ್ಲಿ ಭಾರ ಇಳಿಯುತ್ತದೆ. ಚೆಲ್ಲೊಗಳು ಒಂದೊಂದು ಮಹಡಿಗೂ ಒಂದು ಕ್ಷಣ ನಿಂತು ಮುಂದೆ ಹೋಗುತ್ತವೆ. ಲಿಫ್ಟಿನವನ ಕೊನೆಯ ದಿನ ಲಿಫ್ಟು ಮಧ್ಯದಲ್ಲಿ ನಿಂತಾಗ ಎಲ್ಲ ವಾದ್ಯವೂ ನಿಂತು, ಒಂದೇ ಡಬಲ್ ಬಾಸ್ ಒಂದೇ ಸ್ವರವನ್ನು ಹಿಡಿದುಕೊಂಡಿರುತ್ತದೆ, ಕೈ ಸೋತರೂ ಬಿಡದವನ ಹಾಗೆ. ಇಂಥದ್ದು ತನ್ನ ಕಣ್ಣೆದುರೇ ಹುಟ್ಟಿತ್ತು. ಆಗ ತಾನು ಕೂತಿದ್ದದ್ದು ಮುಖ ಊದಿಸಿಕೊಂಡು. ಸಾಹೇಬರ ಕಣ್ಣಿಂದ ನೀರಿಳಿಯಿತು, ಒರೆಸಿಕೊಳ್ಳಲು ಹೋಗಲಿಲ್ಲ. ಇಪ್ಪತ್ತೆರಡು ನಿಮಿಷ ಕಳೆದು ಸದ್ದು ನಿಂತಿತು.

ಮುದುಕರು ಅವರ ಕಡೆ ತಿರುಗಿ ಕಾಯುತ್ತಿದ್ದರು.

ಸಾಹೇಬರು ಮೂಗೊರೆಸಿಕೊಂಡರು. “ಇಂಥದ್ದು ನಾನು ಮತ್ತೆ ರೆಕಾರ್ಡ್ ಮಾಡಲಿಲ್ಲ!” ಎಂದು ಕೂಗಿದರು. ಸ್ವಲ್ಪ ತಡೆದು, “ಮೂರನೇ ತುಣುಕಲ್ಲಿ, ಎರಡನೇ ಡಬಲ್ ಬಾಸು ಕೂದಲೆಳೆಯಷ್ಟು ಶ್ರುತಿ ಇಳಿದಿದೆ!”

ಟೀಚರಮ್ಮ ಬೆಚ್ಚಿದಳು. ಮಗಳಂತೂ ಈ ಮನುಷ್ಯನನ್ನು ಮೆಟ್ಟಿಲಿಂದ ತಳ್ಳುವುದೊಂದೇ ಬಾಕಿ. ಮುದುಕರು ಮಾತ್ರ ತಲೆದೂಗಿದರು.

“ಹೌದು. ಅವನಿಗೆ ಅವತ್ತು ಜ್ವರ. ನೀವು ಹಿಡೀತೀರಿ, ನಿಲ್ಲಿಸ್ತೀರಿ ಅಂತ ಕಾದೆ. ನಿಲ್ಲಿಸಲಿಲ್ಲ. ನನ್ನ ಕಿವಿಯೇ ತಪ್ಪಿರಬೇಕು ಅಂದ್ಕೊಂಡೆ. ಷರಾ ಸಾಹೇಬ್ರಿಗೆ ಕೇಳಿಸದ್ದು ನನಗೆ ಹೇಗೆ ಕೇಳಿಸುತ್ತೆ ಅಂತ. ಆಮೇಲೆ ಬಹಳ ವರ್ಷ ನನ್ನ ಕಿವೀನ ನಾನು ನಂಬಲಿಲ್ಲ ಸಾಹೇಬ್ರೆ.”

ಅಷ್ಟು ಹೇಳಿ ಅವರು ಕವರಿನಿಂದ ಕಾರ್ಬನ್ ಪ್ರತಿ ಹೊರತೆಗೆದು, ತೊಡೆಯ ಮೇಲಿನ ಕಟ್ಟಿನ ಮೇಲಿಟ್ಟು, ಕಿವಿಯ ಸಂದಿಯ ಪೆನ್ಸಿಲನ್ನು ಸಾಹೇಬರತ್ತ ಚಾಚಿದರು.

“ಬರೀರಿ.”

ಸಾಹೇಬರು ಮೊಣಕಾಲೂರಿ ಕೂತು ಬರೆದರು. ‘ಮೂರನೇ ತುಣುಕು, ಎರಡನೇ ಡಬಲ್ ಬಾಸ್ ಶ್ರುತಿ ಇಳಿದಿದೆ. ಮನೆ ಪೆಟ್ಟಿಗೆಯಲ್ಲಿ ಈ ಸಂಗೀತ ಕೇಳಿಸುವುದಿಲ್ಲ. ರೆಕಾರ್ಡಿಸ್ಟನಿಗೆ ಇದು ಮೊದಲ ದಿನವೇ ಗೊತ್ತಿತ್ತು, ಹೇಳಲಿಲ್ಲ.’ ಮೂರು ಗೆರೆ ತುಂಬಿದವು. ನಾಲ್ಕನೆಯದರಲ್ಲಿ ‘ಸಂಗೀತ ಬಹಳ ಚೆನ್ನಾಗಿದೆ’ ಎಂದು ಬರೆದರು. ಯಾವ ಹಾಳೆಯಲ್ಲೂ ಅವರು ಅಂಥ ವಾಕ್ಯ ಬರೆದವರಲ್ಲ. ಕೆಳಗೆ ಸಹಿ ಮಾಡಿ, ಅಭ್ಯಾಸಬಲದಿಂದ ಹಾಳೆಯ ಮೇಲ್ತುದಿಯಲ್ಲಿದ್ದ ಆ ಹಳೆಯ ತಾರೀಕನ್ನೇ ಬರೆಯಹೊರಟರು.

ಮುದುಕರ ಬೆರಳು ಬಂದು ಪೆನ್ಸಿಲಿನ ಮೊನೆಯ ಮುಂದೆ ನಿಂತಿತು.

“ಅವತ್ತಿಂದಲ್ಲ” ಎಂದರು. “ಇವತ್ತಿಂದು ಹಾಕಿ.”

ಸಾಹೇಬರು ಇವತ್ತಿನ ತಾರೀಕು ಹಾಕಿದರು.